ಹೊತ್ತು, ಗಾಳಿ, ಚಿಮಣಿ: ಬೀದಿಗೆ ಬೀಳುವ ಬೂದಿಯ ಮೇಲೆ ದೂರು ಕಟ್ಟುವ ಕ್ರಮ

'ನಮ್ಮ ಬೀದಿಗೆ ಹೊಗೆ ಬರುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ' ಎಂದು ಬರೆದ ಅರ್ಜಿಗೆ ಬರುವ ಹಿಂಬರಹ ಹೆಚ್ಚುಕಡಿಮೆ ಒಂದೇ: 'ಸ್ಥಳ ಪರಿಶೀಲಿಸಲಾಗಿದೆ, ಮಾಲಿನ್ಯ ನಿಗದಿತ ಮಿತಿಯೊಳಗಿದೆ.' ಅಧಿಕಾರಿ ಸುಳ್ಳು ಬರೆದಿದ್ದಾರೆ ಎಂದೇ ತಿಳಿಯಬೇಕಿಲ್ಲ. ಮಿತಿಯ ಲೆಕ್ಕವೇ ಹಾಗಿದೆ.

2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಪಿಎಂ 2.5 ಎಂಬ ನುಣುಪು ದೂಳಿಗೆ 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ಅದಕ್ಕಿಂತ ದಪ್ಪ ಕಣಗಳೂ ಸೇರಿದ ಪಿಎಂ 10ಕ್ಕೆ 100. ಈಗ ಒಂದು ಕಾರ್ಖಾನೆ ದಿನಾ ರಾತ್ರಿ 2 ಗಂಟೆ ಮಾತ್ರ ಹೊಗೆ ಬಿಡುತ್ತದೆ, ಆಗ ಪಿಎಂ 2.5 ಅಳತೆ 300, ಉಳಿದ 22 ಗಂಟೆ 30 ಎಂದಿಟ್ಟುಕೊಳ್ಳಿ. 600 ಕೂಡಿಸು 660, ಒಟ್ಟು 1260. 24ರಿಂದ ಭಾಗಿಸಿದರೆ 52.5. ಕಾಗದದ ಮೇಲೆ ಗಾಳಿ ಶುದ್ಧ! ಆ ಎರಡು ಗಂಟೆ ಶೀಟಿನ ಮನೆಯೊಳಗೆ ಮಲಗಿ ಕೆಮ್ಮಿದ ಮಗುವಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಊರಿನ ಸರಾಸರಿಯ ಕಥೆಯೂ ಇಷ್ಟೇ. ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ, ಮೈಸೂರು ಇಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರಿಗೆ ಇದು ಸರಿಯೆಂದೇ ಅನಿಸುತ್ತದೆ. ಆದರೆ ಮೈಸೂರಿನ ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯಲ್ಲಿ ಕಾರ್ಖಾನೆ ಕಾಂಪೌಂಡಿಗೆ ಅಂಟಿಕೊಂಡ ಬೀದಿಗಳು, ನಂಜನಗೂಡು, ತಾಂಡವಪುರದ ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಗಳು, ಮಂಡ್ಯದ ಸಕ್ಕರೆ ಕಾರ್ಖಾನೆ ಮತ್ತು ಅಕ್ಕಿ ಗಿರಣಿಗಳ ಅಕ್ಕಪಕ್ಕ, ಪಾಂಡವಪುರ ಕಡೆಯ ಕಲ್ಲು ಪುಡಿಮಾಡುವ ಕ್ರಷರ್ ಜಾಗಗಳು, ಇವನ್ನು ಊರಿನ ಸರಾಸರಿಯಿಂದ ಅಳೆಯಲು ಬರುವುದಿಲ್ಲ. ಬಾಡಿಗೆ ಕಡಿಮೆ, ಕೆಲಸಕ್ಕೆ ಹತ್ತಿರ ಎಂದು ಜನ ಅಲ್ಲಿದ್ದಾರೆ. ಹೊಗೆಯೂ ಅಲ್ಲೇ ಇಳಿಯುತ್ತದೆ.

ಆದ್ದರಿಂದ ದೂರನ್ನು 'ಗಾಳಿ ಕೆಟ್ಟಿದೆ' ಎಂಬ ಮಾತಿನ ಮೇಲೆ ನಿಲ್ಲಿಸಬೇಡಿ. ಯಾವ ಹೊತ್ತು, ಗಾಳಿ ಯಾವ ಕಡೆಯಿಂದ, ಯಾವ ಚಿಮಣಿ, ಆ ಚಿಮಣಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿದ ಯಾವ ಷರತ್ತು ಮುರಿದಿದೆ ಎಂಬ ನಾಲ್ಕನ್ನು ಒಂದೇ ಹಾಳೆಯಲ್ಲಿ ಸೇರಿಸಿ. ಮುಂದಿನದೆಲ್ಲ ಅದಕ್ಕಾಗಿ.

ಮೊದಲು ಯಾರು ಸಹಿ ಹಾಕುತ್ತಾರೆ ಎಂದು ಗೊತ್ತುಮಾಡಿ

ಇದನ್ನು ಕೊನೆಗೆ ಬಿಟ್ಟವರು ಪೆಟ್ಟು ತಿಂದಿದ್ದಾರೆ. ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರು, ಕಾರ್ಖಾನೆಯವರದೇ ಮನೆಯಲ್ಲಿ ಬಾಡಿಗೆಗಿರುವವರು ಮೊದಲ ಹೆಸರಾಗಬಾರದು. ಸ್ತ್ರೀಶಕ್ತಿ ಸಂಘ, ಬಡಾವಣೆಯ ನಿವಾಸಿಗಳ ಸಂಘ ಅಥವಾ ಹತ್ತಿಪ್ಪತ್ತು ಮನೆಯವರು ಒಟ್ಟಾಗಿ ಸಹಿ ಹಾಕಲಿ. 'ನಿಮ್ಮ ಮನೆಗೆ ಖಾತೆಯೇ ಇಲ್ಲ, ನೀವೇನು ದೂರುತ್ತೀರಿ' ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಮಾಲಿನ್ಯದ ಮೇಲೆ ದೂರು ಕೊಡಲು ಖಾತೆ, ಹಕ್ಕುಪತ್ರ, ಕಂದಾಯ ರಸೀದಿ ಯಾವುದೂ ಬೇಕಿಲ್ಲ. ಶುದ್ಧ ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಹೊತ್ತಿನ ಪುಸ್ತಕ

200 ಪುಟದ ಗೆರೆ ನೋಟ್‌ಬುಕ್ ಸಾಕು. ಬಿಡಿ ಹಾಳೆ ಬೇಡ. ಆಮೇಲೆ ಸೇರಿಸಿದ್ದು ಎನ್ನುತ್ತಾರೆ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಗಾಳಿ ಬಂದ ದಿಕ್ಕು, ಹೊಗೆಯ ಬಣ್ಣ, ವಾಸನೆ, ಎಲ್ಲಿ ನಿಂತು ನೋಡಿದ್ದು, ಬರೆದವರ ಹೆಸರು. ಒಂದು ನಮೂದು ಹೀಗಿರಲಿ:

'ರಾತ್ರಿ 11.40ರಿಂದ 1.15. ಗಾಳಿ ಈಶಾನ್ಯದಿಂದ. ಉತ್ತರದ ಚಿಮಣಿ, ದಟ್ಟ ಕಪ್ಪು, 12.30ರ ನಂತರ ಕಂದು. ಸುಟ್ಟ ರಬ್ಬರಿನ ವಾಸನೆ. 3ನೇ ಅಡ್ಡರಸ್ತೆ ನೀರಿನ ತೊಟ್ಟಿಯ ಹತ್ತಿರದಿಂದ ನೋಡಿದ್ದು. ಬೆಳಗ್ಗೆ ಬಟ್ಟೆಯ ಮೇಲೆ ಮಸಿ.'

ಹೊಗೆ ಇಲ್ಲದ ದಿನವೂ 'ಇಲ್ಲ' ಎಂದು ಬರೆಯಿರಿ. ಬರೀ ಕೆಟ್ಟ ದಿನಗಳ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಕನಿಷ್ಠ 30 ದಿನ, ಸರದಿಯ ಮೇಲೆ ಮೂರು ನಾಲ್ಕು ಮನೆಯವರು ಬರೆದರೆ ಒಂದು ವಿನ್ಯಾಸ ಕಾಣತೊಡಗುತ್ತದೆ: ಶಿಫ್ಟ್ ಬದಲಾಗುವಾಗ, ಭಾನುವಾರ, ಮಳೆ ಹನಿಯುವಾಗ, ಕರೆಂಟ್ ಹೋದಾಗ. ತಣ್ಣಗಿದ್ದ ಬಾಯ್ಲರ್ ಹೊತ್ತಿಸಿದ ಮೊದಲ ಹತ್ತು ಹದಿನೈದು ನಿಮಿಷ ಕಪ್ಪು ಹೊಗೆ ಬರುವುದು ಸಹಜ. ಅದೊಂದನ್ನೇ ಹಿಡಿದು ದೂರಿದರೆ ದೂರು ಹಗುರವಾಗುತ್ತದೆ. ದಿನಾ ಒಂದೇ ಹೊತ್ತಿಗೆ ಗಂಟೆಗಟ್ಟಲೆ ಬಂದರೆ ಮಾತು ಬೇರೆ. ಹೊಗೆ ಹಿಡಿಯುವ ಯಂತ್ರಕ್ಕೆ ವಿದ್ಯುತ್ ಖರ್ಚಿದೆ, ಕತ್ತಲಲ್ಲಿ ಅದನ್ನು ನಿಲ್ಲಿಸಿದರೆ ಕೇಳುವವರಿಲ್ಲ.

ದಿಕ್ಕು ಬರೆಯುವಾಗ ಬಹಳ ಜನ ಎಡವುತ್ತಾರೆ. ಗಾಳಿ ಎತ್ತ ಹೋಗುತ್ತದೆ ಎಂದಲ್ಲ, ಎತ್ತಲಿಂದ ಬರುತ್ತದೆ ಎಂದು ಬರೆಯಬೇಕು. ತಾರಸಿಯಲ್ಲಿ ಕೋಲಿಗೆ ಒಂದಡಿ ತೆಳು ಬಟ್ಟೆಪಟ್ಟಿ ಕಟ್ಟಿ. ಗಾಳಿ ತೀರ ಮಂದವಿದ್ದರೆ ಊದುಬತ್ತಿ ಹಚ್ಚಿ ನೋಡಿ. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ. ನವೆಂಬರ್‌ನಿಂದ ಫೆಬ್ರುವರಿವರೆಗೆ ಪೂರ್ವ, ಈಶಾನ್ಯದಿಂದ. ಕಾರ್ಖಾನೆಯ ಪೂರ್ವಕ್ಕಿರುವ ಬೀದಿ ಮಳೆಗಾಲದಲ್ಲೂ ಪಶ್ಚಿಮದ ಬೀದಿ ಚಳಿಗಾಲದಲ್ಲೂ ಬೂದಿ ತಿನ್ನುತ್ತದೆ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆಯನ್ನು ತಗ್ಗಿನಲ್ಲೇ ಕೂಡಿಹಾಕುವುದರಿಂದ ಪಶ್ಚಿಮದವರ ಪಾಡು ಇನ್ನೂ ಕಷ್ಟ.

ಹೊಗೆಯೋ ಹಬೆಯೋ

ಚಿಮಣಿಯಿಂದ ಬಿಳಿ ಬಂದ ಮಾತ್ರಕ್ಕೆ ಮಾಲಿನ್ಯವಲ್ಲ. ಹಬೆಯಾದರೆ ಚಿಮಣಿಯ ಬಾಯಿಗೂ ಬಿಳಿ ಶುರುವಾಗುವ ಜಾಗಕ್ಕೂ ನಡುವೆ ಸಣ್ಣ ಖಾಲಿ ಕಾಣುತ್ತದೆ, ಸ್ವಲ್ಪ ದೂರ ಹೋಗಿ ಪೂರ್ತಿ ಕರಗಿಹೋಗುತ್ತದೆ. ದೂಳು ಬಾಯಿಂದಲೇ ಶುರುವಾಗಿ ಗೆರೆ ಎಳೆದಂತೆ ಬಹುದೂರ ಉಳಿಯುತ್ತದೆ. ಹಬೆ ಕರಗಿದ ಮೇಲೂ ನೀಲಿ ಅಥವಾ ಕಂದು ಎಳೆ ಉಳಿದರೆ ಎರಡೂ ಇವೆ. ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತು ನೋಡಿ. ಎದುರು ಬಿಸಿಲಿಗೆ ತಿಳಿಹೊಗೆಯೂ ಕಪ್ಪಾಗಿ ಕಾಣುತ್ತದೆ.

ವಿಡಿಯೊ 30 ಸೆಕೆಂಡ್ ಇರಲಿ. ಜೂಮ್ ಮಾಡಬೇಡಿ. ವಿದ್ಯುತ್ ಕಂಬವೋ ನೀರಿನ ಟ್ಯಾಂಕೋ, ಕದಲದ ಗುರುತೊಂದು ಚೌಕಟ್ಟಿನಲ್ಲಿರಲಿ, ದಿನಾ ಅದೇ ಜಾಗದಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಹೊತ್ತಿನ ಮಾಹಿತಿ ಅಳಿಸಿಹೋಗಬಹುದು. ಮೂಲ ಕಡತ ತೆಗೆದ ಫೋನಿನಲ್ಲೇ ಇರಲಿ, ಮೆಮೊರಿ ಕಾರ್ಡಿಗೊಂದು ಪ್ರತಿ ಹೋಗಲಿ. ಕಾಂಪೌಂಡ್ ಹಾರಬೇಡಿ, ಒಳಗೆ ಡ್ರೋನ್ ಹಾರಿಸಬೇಡಿ. ದೂರು ನಿಮ್ಮ ಮೇಲೇ ತಿರುಗುತ್ತದೆ.

ಬಿದ್ದದ್ದು ಯಾರದು

ಬಚ್ಚಲಿಗೆ ಹಾಕುವ ಬಿಳಿ ಟೈಲ್, ಒಂದಡಿ ಚೌಕದ್ದು, ಮೂರು ತನ್ನಿ. ಎರಡನ್ನು ಗಾಳಿ ಬೀಳುವ ಬೀದಿಯ ತಾರಸಿಗಳಲ್ಲಿ, ಒಂದನ್ನು ಕಾರ್ಖಾನೆಯ ಆಚೆ ಬದಿಯಲ್ಲಿ ಇಡಿ. ನೆಲದಿಂದ 2-3 ಮೀಟರ್ ಎತ್ತರ, ಒಲೆ, ಮಣ್ಣಿನ ರಸ್ತೆ, ಮರದ ಕೊಂಬೆಯಿಂದ ದೂರ. ಸಂಜೆ 6ಕ್ಕೆ ಒರೆಸಿ ಇಟ್ಟು ಬೆಳಗ್ಗೆ 6ಕ್ಕೆ ತೆಗೆದರೆ ರಾತ್ರಿಯ ಪಾಲು, ಮತ್ತೆ ಸಂಜೆ ತೆಗೆದರೆ ಹಗಲಿನ ಪಾಲು. ಅಂದಿನ ದಿನಪತ್ರಿಕೆ ಪಕ್ಕಕ್ಕಿಟ್ಟು ಫೋಟೊ ತೆಗೆದು, ಒಣ ಬ್ರಷ್‌ನಿಂದ ಗುಡಿಸಿ ಕಾಗದದ ಪೊಟ್ಟಣ ಕಟ್ಟಿ ದಿನಾಂಕ ಬರೆಯಿರಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ಮಾಡಿಸಿ 11ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಎಂದು ಸಿಗುತ್ತದೆ: 0.2 ಗ್ರಾಂ ಸಿಕ್ಕಿದರೆ 2.2. ಹೀಗೆ ಉದುರಿ ಬೀಳುವ ದೂಳಿಗೆ ರಾಷ್ಟ್ರೀಯ ಮಾನದಂಡದಲ್ಲಿ ಮಿತಿ ಇಲ್ಲ. ಆದರೆ ಆಚೆ ಬದಿಯ ಟೈಲ್‌ಗಿಂತ ಈಚೆಯದರಲ್ಲಿ ಆರು ಪಟ್ಟು ಬಿದ್ದಿದ್ದರೆ ಮಿತಿಯ ಮಾತೇ ಬೇಡ, ದಿಕ್ಕು ತಾನೇ ಹೇಳುತ್ತದೆ.

ಮೂಲ ಪತ್ತೆಗೆ ಒಂದು ಆಯಸ್ಕಾಂತ, ಒಂದು ಲೋಟ ನೀರು, ಒಂದು ಭೂತಗನ್ನಡಿ ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣದ ಅಂಶವಿದೆ. ಎರಕದ ಕೆಲಸ, ಉಜ್ಜುವ ಕೆಲಸ ಹತ್ತಿರದಲ್ಲಿದೆಯೇ ನೋಡಿ. ಹಗುರ, ಕಪ್ಪು, ನೀರಲ್ಲಿ ತೇಲುವ ನಾರು ನಾರಾದ ಬೂದಿ ಕಬ್ಬಿನ ಸಿಪ್ಪೆಯದು. ಭತ್ತದ ಹೊಟ್ಟಿನ ಬೂದಿ ಬೂದುಬಿಳಿ, ಸಿಲಿಕಾ ಹೆಚ್ಚು, ಬೆರಳಲ್ಲಿ ಉಜ್ಜಿದರೆ ಚುಚ್ಚುತ್ತದೆ, ಕಣ್ಣಿಗೆ ಬಿದ್ದರೆ ಕೆರೆಯುತ್ತದೆ. ಕ್ರಷರ್ ದೂಳು ತಳಕ್ಕಿಳಿದು ಕೆಸರಾಗುತ್ತದೆ. ಬೆರಳಿಗೆ ಜಿಡ್ಡಾಗಿ ಮೆತ್ತಿಕೊಂಡು ಒರೆಸಿದರೂ ಹೋಗದ ಮಸಿಗೆ ಟೈರು, ಪ್ಲಾಸ್ಟಿಕ್, ಕೊಳಕು ಎಣ್ಣೆ ಉರಿಸಿರುವ ಶಂಕೆ. ಇದು ಪ್ರಯೋಗಾಲಯದ ಸಾಕ್ಷ್ಯವಲ್ಲ. ಯಾವ ಬಾಗಿಲು ತಟ್ಟಬೇಕೆಂದು ತಿಳಿಯಲು ಅಷ್ಟೆ.

ಆಲೆಮನೆಯ ವಿಷಯದಲ್ಲಿ ಒಂದು ಮಾತು. ಕಬ್ಬಿನ ರಚ್ಚು, ತರಗು ಉರಿಸುವ ಆಲೆಮನೆಗೂ ಟೈರು ಉರಿಸುವ ಆಲೆಮನೆಗೂ ಅಜಗಜಾಂತರ. ಮಾಲೀಕರೂ ಸಣ್ಣವರೇ, ಬಹುತೇಕ ಊರಿನವರೇ. ಒಲೆಗೆ ಏನು ಹಾಕುತ್ತಾರೆ ಎಂಬ ಒಂದೇ ಪ್ರಶ್ನೆ ಹಿಡಿದು ಮೊದಲು ಪಂಚಾಯಿತಿಯಲ್ಲಿ ಕೂತು ಮಾತಾಡಿ. ಅಲ್ಲಿ ಬಗೆಹರಿಯುವುದನ್ನು ಮಂಡಳಿಗೆ ಒಯ್ದರೆ ವರ್ಷ ಹಿಡಿಯುತ್ತದೆ.

ಸೆನ್ಸರ್ ಇಡುವುದಾದರೆ

ಕೆಲವು ಸಾವಿರ ರೂಪಾಯಿಗೆ ಸಿಗುವ ಲೇಸರ್ ಸೆನ್ಸರ್ ದೂಳಿನ ಏರಿಳಿತವನ್ನು ಚೆನ್ನಾಗಿ ತೋರಿಸುತ್ತದೆ, ನಿಖರ ಅಂಕಿಯನ್ನಲ್ಲ. ಮಂಜು, ತುಂತುರು ಇದ್ದಾಗ ನೀರಹನಿಯನ್ನೂ ದೂಳೆಂದು ಎಣಿಸಿ ಹೆಚ್ಚು ತೋರಿಸುತ್ತದೆ; ತೇವಾಂಶ 80 ಶೇಕಡಾ ದಾಟಿದ ಹೊತ್ತನ್ನು ಬೇರೆ ಗುರುತು ಮಾಡಿ. ಗಂಧಕದ ಅನಿಲ, ದ್ರಾವಕದ ವಾಸನೆ ಅದಕ್ಕೆ ತಿಳಿಯುವುದೇ ಇಲ್ಲ. ಎರಡು ಸೆನ್ಸರ್ ಇದ್ದರೆ ಮೊದಲು ಎರಡು ದಿನ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಬರೆದುಕೊಳ್ಳಿ. ಮೈಸೂರಿನ ಹೆಬ್ಬಾಳ 1ನೇ ಹಂತದಲ್ಲಿ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ, ಅದರ ಅಂಕಿ ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಸಿಗುತ್ತದೆ. ಅದೇ ಹೊತ್ತಿಗೆ ಅಲ್ಲಿ ಎಷ್ಟು, ನಿಮ್ಮ ಬೀದಿಯಲ್ಲಿ ಎಷ್ಟು ಎಂದು ಪಕ್ಕಪಕ್ಕ ಬರೆಯಿರಿ.

ಎಕ್ಯುಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ಬರೆಯಬೇಡಿ, ಮೈಕ್ರೊಗ್ರಾಂ ಬರೆಯಿರಿ. ಪಿಎಂ 2.5 60 ಮೈಕ್ರೊಗ್ರಾಂ ಇದ್ದರೆ ಭಾರತದ ಎಕ್ಯುಐ 100. ಅಮೆರಿಕದ ಅಳತೆಗೋಲಿನ ಆ್ಯಪ್‌ನಲ್ಲಿ ಅದೇ ಗಾಳಿ 150 ದಾಟುತ್ತದೆ. ಈ ಗೊಂದಲವೊಂದೇ ಸಾಕು, ಎದುರಿನ ವಕೀಲರು ಇಡೀ ಪುಸ್ತಕವನ್ನು ಬದಿಗೆ ಸರಿಸಲು. ಅವರ ಇನ್ನೊಂದು ವಾದ: 'ಇವರ ಮನೆ ಸೌದೆ ಒಲೆಯ ಹೊಗೆ ಇದು.' ಅದಕ್ಕೇ ಸೆನ್ಸರ್ ತಾರಸಿಯಲ್ಲಿರಲಿ, ಒಲೆ ಹಚ್ಚಿದ ಹೊತ್ತೂ ಪುಸ್ತಕದಲ್ಲಿರಲಿ.

ಕೆಮ್ಮಿನ ದಾಖಲೆ

ಆಸ್ಪತ್ರೆಯ ಹೊರರೋಗಿ ಚೀಟಿ ಬಿಸಾಡಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ ಮಂಡ್ಯದ ಮಿಮ್ಸ್ ಆಗಲಿ, ಎಷ್ಟು ವರ್ಷದಿಂದ ಎಲ್ಲಿ ವಾಸ, ಯಾವ ಹೊತ್ತಿಗೆ ಉಸಿರಾಟದ ತೊಂದರೆ ಎಂಬುದನ್ನು ಚೀಟಿಯಲ್ಲೇ ಬರೆಯುವಂತೆ ವೈದ್ಯರನ್ನು ಕೇಳಿ. ಕ್ರಷರ್‌ನಲ್ಲಿ ದುಡಿದವರು ಕೆಲಸದ ವಿಷಯವನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುವುದರಿಂದ ಎಷ್ಟೋ ಜನ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗುತ್ತಾರೆ.

ಕಾರ್ಖಾನೆಯ ಕಾಗದ ತರಿಸುವುದು

1981ರ ವಾಯು ಕಾಯ್ದೆಯ 21ನೇ ಕಲಂ ಪ್ರಕಾರ ಇಂಥ ಘಟಕ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಆ ಸಮ್ಮತಿ ಪತ್ರದಲ್ಲಿ ಚಿಮಣಿ ಎಷ್ಟು, ಎತ್ತರವೆಷ್ಟು, ಯಾವ ಇಂಧನ, ಯಾವ ಹೊಗೆ ನಿಯಂತ್ರಣ ಯಂತ್ರ, ಎಷ್ಟು ಮಿತಿ ಎಲ್ಲವೂ ಇರುತ್ತದೆ. ಯಂತ್ರ ಸದಾಕಾಲ ಸುಸ್ಥಿತಿಯಲ್ಲಿ ನಡೆಯುತ್ತಿರಬೇಕೆಂದು ಅದೇ ಕಲಂ ಹೇಳುತ್ತದೆ. ಸದಾಕಾಲ ಎಂದರೆ ರಾತ್ರಿ ಹನ್ನೊಂದೂವರೆಗೂ ಹೌದು. ಸರಾಸರಿಯ ಲೆಕ್ಕ ನುಂಗಿದ ಆ ಎರಡು ಗಂಟೆ ಕಾನೂನಿಗೆ ಸಿಕ್ಕಿಬೀಳುವುದು ಇಲ್ಲೇ.

ಮಾಹಿತಿ ಹಕ್ಕಿನ ಅರ್ಜಿಯನ್ನು ಮೈಸೂರು ಅಥವಾ ಮಂಡ್ಯದ ಪ್ರಾದೇಶಿಕ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಿ. ಶುಲ್ಕ 10 ರೂಪಾಯಿ; ಬಿಪಿಎಲ್ ಕಾರ್ಡಿನವರು ನಕಲು ಲಗತ್ತಿಸಿದರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಲವು ಅರ್ಜಿಗಳು ಬಿದ್ದುಹೋಗುವುದು ಇದನ್ನು ಮೀರಿದ್ದಕ್ಕೆ. ಇಷ್ಟು ಕೇಳಿ: ಚಾಲ್ತಿಯಲ್ಲಿರುವ ಕಾರ್ಯಾಚರಣೆ ಸಮ್ಮತಿ ಪತ್ರ ಷರತ್ತುಗಳ ಸಮೇತ, ಕಳೆದ 2 ವರ್ಷದ ಪರಿಶೀಲನಾ ವರದಿಗಳು, ಚಿಮಣಿ ಮಾದರಿಯ ವಿಶ್ಲೇಷಣಾ ವರದಿಗಳು, ಕೊಟ್ಟ ನೋಟಿಸ್‌ಗಳು, ಬಂದ ಉತ್ತರಗಳು, ಪ್ರತಿವರ್ಷ ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕಾದ ಪರಿಸರ ವಿವರಪಟ್ಟಿ, ಅಂದರೆ ನಮೂನೆ 5. 'ಏಕೆ', 'ಯಾಕೆ ಕ್ರಮವಿಲ್ಲ' ಎಂದು ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಪತ್ರ ಬಂದ ಮೇಲೆ ಪುಸ್ತಕದ ಜೊತೆ ತಾಳೆ ನೋಡಿ. ಸಮ್ಮತಿಯಲ್ಲಿ ಒಂದು ಚಿಮಣಿ, ಕಾಣುವುದು ಎರಡೇ? ಇಂಧನ ಸಿಪ್ಪೆ ಎಂದಿದ್ದು, ಬರುವ ವಾಸನೆ ರಬ್ಬರಿನದೇ? ಅವಧಿ ಮುಗಿದಿದೆಯೇ? ಸಕ್ಕರೆ ಕಾರ್ಖಾನೆಯ ಬಾಯ್ಲರ್ ಚಿಮಣಿಗೆ ದೂಳಿನ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ವರದಿ ಏನು ಹೇಳುತ್ತದೆ? ಡೀಸೆಲ್ ಜನರೇಟರಿನ ಕೊಳವೆ ಕಟ್ಟಡಕ್ಕಿಂತ ಎಷ್ಟು ಎತ್ತರವಿರಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು: ಜನರೇಟರಿನ ಸಾಮರ್ಥ್ಯ ತೋರಿಸುವ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ. 100 ಕೆವಿಎಗೆ 2 ಮೀಟರ್, 225ಕ್ಕೆ 3 ಮೀಟರ್. ಕಿಟಕಿ ಮಟ್ಟದಲ್ಲೇ ಹೊಗೆ ಉಗುಳುವ ಕೊಳವೆಯ ಮೇಲೆ ದೂರಲು ಇದೊಂದೇ ಸಾಕು. ಕ್ರಷರ್ ಆದರೆ ಶೀಟಿನ ಹೊದಿಕೆ, ನೀರು ಚಿಮುಕಿಸುವ ಕೊಳವೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ಸುತ್ತ ಗಿಡಗಳ ಸಾಲು ಇವೆಯೇ ನೋಡಿ; ಹೊರಗಿನ ರಸ್ತೆಯಿಂದಲೇ ಕಾಣುತ್ತವೆ.

ಯಂತ್ರದ ಹೆಸರೂ ಸುಳಿವು ಕೊಡುತ್ತದೆ. ಹೊಗೆಯನ್ನು ಸುತ್ತಿಸಿ ದೂಳು ಬೇರ್ಪಡಿಸುವ ಸೈಕ್ಲೋನ್ ಮಾತ್ರ ಎಂದಿದ್ದರೆ ದಪ್ಪ ಕಣ ಹಿಡಿಯುತ್ತದೆ, ನುಣುಪು ದೂಳು ಹೊರಗೇ. ಬ್ಯಾಗ್ ಫಿಲ್ಟರ್‌ನ ಬಟ್ಟೆ ಕಿಡಿ ಬಿದ್ದು ತೂತಾದರೆ ಬದಲಿಸುವವರೆಗೆ ದಿನವಿಡೀ ದೂಳು. ಹೊಗೆಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್‌ನ ಪಂಪು ನಿಂತರೆ ಬಿಳಿಯಾಗಿದ್ದ ಹೊಗೆ ಇದ್ದಕ್ಕಿದ್ದಂತೆ ಕಂದಾಗುತ್ತದೆ. ಪುಸ್ತಕದಲ್ಲಿ ಆ ಬದಲಾವಣೆಯ ನಿಮಿಷ ಬರೆದಿದ್ದರೆ ತಾಂತ್ರಿಕ ಅಧಿಕಾರಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ದೂರು ಮತ್ತು ಪರಿಶೀಲನೆಯ ದಿನ

ದೂರು ಎರಡು ಪುಟ ಮೀರಬಾರದು. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಲಿಲ್ಲವೆಂದರೆ ಸ್ಪೀಡ್ ಪೋಸ್ಟ್ ಮಾಡಿ. 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದಲ್ಲೂ ನೋಂದಾಯಿಸಿ, ಆ ಸಂಖ್ಯೆ ಪುಸ್ತಕದ ಮೊದಲ ಪುಟಕ್ಕೆ. ವಾಕ್ಯ ಹೀಗೆ:

'ಸಮ್ಮತಿ ಪತ್ರದ ಇಂತಿಷ್ಟನೇ ಷರತ್ತಿನಂತೆ ಬ್ಯಾಗ್ ಫಿಲ್ಟರ್ ಸದಾ ಚಾಲನೆಯಲ್ಲಿರಬೇಕು. ಲಗತ್ತಿಸಿದ ದಾಖಲೆಯಂತೆ 30 ದಿನಗಳಲ್ಲಿ 19 ದಿನ ರಾತ್ರಿ 11ರಿಂದ 2ರ ನಡುವೆ ಉತ್ತರದ ಚಿಮಣಿಯಿಂದ ಕಪ್ಪು ಹೊಗೆ ಬಂದಿದೆ. ಇದೇ ಹೊತ್ತಿನಲ್ಲಿ ಪರಿಶೀಲನೆ ನಡೆಸಿ ವರದಿಯ ಪ್ರತಿ ಕೊಡಬೇಕೆಂದು ಕೋರುತ್ತೇವೆ.'

ಹೊತ್ತು ಹೇಳದಿದ್ದರೆ ಪರಿಶೀಲನೆ ಬೆಳಗ್ಗೆ 11ಕ್ಕೇ ಆಗುತ್ತದೆ. ಇನ್ನೊಂದು ತೊಡಕೂ ಇದೆ: ವಾಯು ಕಾಯ್ದೆಯ 26ನೇ ಕಲಂ ಪ್ರಕಾರ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ತೆಗೆದ ಮಾದರಿಯೇ ನ್ಯಾಯಾಲಯದಲ್ಲಿ ನಿಲ್ಲುವುದು. ನೋಟಿಸ್ ಕೈಗೆ ಬಿದ್ದ ಕ್ಷಣ ಯಂತ್ರಗಳೆಲ್ಲ ಚಾಲೂ. ಅದಕ್ಕೆ ಮದ್ದು ವರದಿಯಲ್ಲೇ ಇದೆ: ಮಾದರಿ ತೆಗೆದಾಗ ಉತ್ಪಾದನೆ ಎಷ್ಟು ಶೇಕಡಾ ಇತ್ತು, ಯಾವ ಇಂಧನ, ಹೊಗೆ ನಿಯಂತ್ರಣ ಯಂತ್ರದ ವಿದ್ಯುತ್ ಬಳಕೆ ಕಳೆದ ತಿಂಗಳು ಎಷ್ಟು ಎಂದು ನಮೂದಿಸಲು ಲಿಖಿತವಾಗಿ ಕೇಳಿ. ಅರ್ಧ ಉತ್ಪಾದನೆಯಲ್ಲಿ ತೆಗೆದ ಮಾದರಿ ಮಿತಿಯೊಳಗೇ ಇರುತ್ತದೆ. ಹಾಗೆಯೇ ರಾತ್ರಿಯೆಲ್ಲ ನಿಂತ ಯಂತ್ರದ ಮೀಟರ್ ಸುಳ್ಳು ಹೇಳುವುದಿಲ್ಲ. ಬೀದಿಯಲ್ಲಿ ಮಹಜರು ಬರೆದರೆ ಓದಿ ಸಹಿ ಹಾಕಿ. ಒಪ್ಪದ ಸಾಲಿನ ಕೆಳಗೆ 'ಒಪ್ಪಿಲ್ಲ' ಎಂದು ಬರೆಯಲು ನಿಮಗೆ ಅಡ್ಡಿಯಿಲ್ಲ.

ಮಂಡಳಿ ಕದಲದಿದ್ದರೆ

ಅದೇ ವಾಯು ಕಾಯ್ದೆಯ 31ಎ ಕಲಂ ಅಡಿ ಮಂಡಳಿಗೆ ಘಟಕ ಮುಚ್ಚಿಸುವ, ವಿದ್ಯುತ್, ನೀರು ಕಡಿತ ಮಾಡಿಸುವ ಅಧಿಕಾರವಿದೆ. ಎರಡನೇ ದೂರಿನಲ್ಲಿ ಈ ಕಲಂ ಹೆಸರಿಸಿ. ಇದಕ್ಕಿಂತ ಬೇಗ ಫಲ ಕೊಡುವ ದಾರಿ ಕೆಲವೊಮ್ಮೆ ಉಪವಿಭಾಗಾಧಿಕಾರಿಯ ಕಚೇರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133, ಸಾರ್ವಜನಿಕ ಉಪದ್ರವ ನಿಲ್ಲಿಸಲು ಷರತ್ತಿನ ಆದೇಶ ಹೊರಡಿಸುವ ಅಧಿಕಾರವನ್ನು ಅವರಿಗೆ ಕೊಟ್ಟಿದೆ. 1980ರಲ್ಲಿ ಮಧ್ಯಪ್ರದೇಶದ ರತ್ಲಾಮ್‌ನ ನಿವಾಸಿಗಳು ಚರಂಡಿ, ಗಲೀಜಿನ ಮೇಲೆ ಗೆದ್ದದ್ದು ಇದೇ ಕಲಂನಿಂದ; ಹಣವಿಲ್ಲ ಎಂಬ ಪುರಸಭೆಯ ನೆಪವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗುವುದಾದರೆ ಗಡುವು ನೋಡಿಕೊಳ್ಳಿ: ಮಾಲಿನ್ಯ ನಿಲ್ಲಿಸಲು ಕೇಳುವುದಾದರೆ ಕಾರಣ ಹುಟ್ಟಿದ ದಿನದಿಂದ 6 ತಿಂಗಳು, ಪರಿಹಾರಕ್ಕಾದರೆ 5 ವರ್ಷ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಇಲ್ಲ. ವಕೀಲರಿಗೆ ದುಡ್ಡಿಲ್ಲವೆಂದು ಕೂರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಅಲ್ಲಿಯವರೆಗೆ ಮನೆಯೊಳಗೆ: ಬೂದಿಯನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನೀರಿನ ಡ್ರಮ್ಮಿಗೆ ಮುಚ್ಚಳ. ಪುಸ್ತಕ ಹೇಳುವ ಹೊತ್ತಿಗೆ ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿ. ಒದ್ದೆ ಕರವಸ್ತ್ರ ನುಣುಪು ದೂಳನ್ನು ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಆದರೆ ಅನಿಲವನ್ನಲ್ಲ.

ಕಾರ್ಖಾನೆ ಹೊಸ ಫಿಲ್ಟರ್ ಹಾಕಿತು ಎಂದು ತಿಳಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಅದೇ ಜಾಗ, ಅದೇ ಟೈಲ್, ಇನ್ನೊಂದು 30 ದಿನ. ಹೋಲಿಸುವಾಗ ಮಾತ್ರ ಅದೇ ಗಾಳಿ ಬೀಸುವ ತಿಂಗಳನ್ನೇ ಹೋಲಿಸಿ; ಜನವರಿಯ ಬೂದಿ ಜುಲೈನಲ್ಲಿ ಕಾಣದಿದ್ದರೆ ಅದು ಆಚೆ ಬೀದಿಗೆ ಬೀಳುತ್ತಿರಬಹುದು. ಆ ಬೀದಿಯವರಿಗೂ ಒಂದು ನೋಟ್‌ಬುಕ್ ಕೊಡಿ.